ಸಿದ್ದಾಪುರ ಕೇಳಿಸಿಕೊಂಡ ಹೊಟ್ಟೆಕಿಚ್ಚು

ಶಿರಸಿ
ಬುಧವಾರ, ೨ ಜುಲೈ ೨೦೨೫

ನನ್ನ ಒಬ್ಬಳೇ ತಂಗಿ, ಜರ್ಮನಿಯಲ್ಲಿ ಮೆರೆಯುತ್ತಿರುವ ಕಾವ್ಯಶ್ರೀಗೆ,

ಮೂಗು ಕಟ್ಟಿದ್ದು ಬಿಟ್ಟಿತೇ? ಆ ತಣ್ಣನೆಯ ಬ್ರೆಡ್ಡು ಹೊಟ್ಟೆಗೆ ಒಗ್ಗಿತೇ? ಅವ್ವ ಕ್ಷೇಮ. ಮೊಣಕಾಲು ನೋವು ಕಡಿಮೆ, ಬೈಗುಳ ಜಾಸ್ತಿ. ಅಂದರೆ ಆರೋಗ್ಯ ಉತ್ತಮ. ಫೋನು ಬಿಟ್ಟು ಕಾಗದವೇಕೆಂದು ಹುಬ್ಬೇರಿಸಬೇಡ. ಫೋನು ಹಿಡಿದರೆ ನನ್ನ ಗಂಟಲು ತಾನಾಗಿ ವೇಷ ಕಟ್ಟಿಬಿಡುತ್ತದೆ. ಬರೆದು ಮುಗಿಸಿದ ಕೂಡಲೇ, ನನ್ನ ಪ್ರಚಾರದ ಆಟೋ ಓಡಿಸುವ ಯಾಸೀನ್ ಇದರ ಫೋಟೋ ತೆಗೆದು ನಿನಗೆ ಕಳಿಸುತ್ತಾನೆ.

ಈಗ ಪರದೆ ಎತ್ತುತ್ತೇನೆ. ನೀನು ಹೋದದ್ದು ಹತ್ತು ವಾರದ ಸಂಶೋಧನೆಗೆ, ಬಿದ್ದ ಮರವನ್ನು ಅಣಬೆ ಹೇಗೆ ತಿನ್ನುತ್ತದೆ ಎಂದು ನೋಡುವುದಕ್ಕೆ. (ನಮ್ಮ ಬಚ್ಚಲ ಹಿಂದೆಯೂ ತಿನ್ನುತ್ತಿದೆ, ಬೇಕಾದರೆ ಬಂದು ನೋಡಲಿ ಆ ಜರ್ಮನಿಯವರು.) ಮೊದಲ ಶನಿವಾರವೇ ಫೋಟೋ ಬಂತು: ಸರೋವರ, ಬಿಳಿ ದೋಣಿ, ನಿನ್ನ ಕೈಯಲ್ಲಿ ಐಸ್‌ಕ್ರೀಮ್. ಆ ಹೊತ್ತಿಗೆ ನಾನು ಯಲ್ಲಾಪುರದ ಮಳೆಯಲ್ಲಿ, ಪ್ಲಾಸ್ಟಿಕ್ ಹೊದೆಸಿದ ಧ್ವನಿವರ್ಧಕದ ಕೆಳಗೆ, ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ ಎಂದು ಗರ್ಜಿಸುತ್ತಿದ್ದೆ. ಐಸ್‌ಕ್ರೀಮನ್ನು ಹಿಗ್ಗಿಸಿ ನೋಡಿದೆ. ಎರಡು ಬಣ್ಣ! ಮುಂದಿನ ಶನಿವಾರ ಕಲ್ಲಿನ ಕೋಟೆ. ಅದರ ಮುಂದಿನದು ರೈಲು. ಕಿಟಕಿಯ ಪಕ್ಕ ನೀನು, ಕಾಲ ಮೇಲೆ ಕಾಲು. ನನಗೂ ವಾರಾಂತ್ಯದ ಪ್ರವಾಸವುಂಟು ತಂಗೀ. ಶನಿವಾರ ಯಲ್ಲಾಪುರ, ಭಾನುವಾರ ಸಿದ್ದಾಪುರ. ಹದಿನಾರು ವರ್ಷದಿಂದ ಅದೇ ಎರಡು ರಸ್ತೆ, ಅವೇ ಗುಂಡಿ.

ತಡೆಯಲಾಗಲಿಲ್ಲ, ಫೋನ್ ಮಾಡಿದೆ. ಅಪ್ಪ ನಾಟಕದಲ್ಲಿ ರಾಜನ ಪಾತ್ರಕ್ಕೆಂದೇ ಮೀಸಲಿಟ್ಟಿದ್ದ ಗಂಟಲೊಂದಿತ್ತಲ್ಲ, ಅವನ ಹಾರ್ಮೋನಿಯಂ ಪಕ್ಕ ಮಲಗಿ ಕಲಿತವನು ನಾನು, ಅದನ್ನೇ ತೆಗೆದೆ. 'ನೀನು ಹೋದದ್ದು ಅಭ್ಯಾಸಕ್ಕೋ, ತಿರುಗಾಟಕ್ಕೋ?' ನೀನು ಪಾಪ ವಿವರ ಒಪ್ಪಿಸಿದೆ. ಸೋಮವಾರದಿಂದ ಬೆಳಗ್ಗೆ ಎಂಟಕ್ಕೆ ಲ್ಯಾಬು, ಶುಕ್ರವಾರ ಸಂಜೆ ವಾರದ ಟಿಪ್ಪಣಿ ಲ್ಯಾಬಿನ ಮೇಡಂ ಕೈಗೆ, ಆಮೇಲಷ್ಟೇ ರೈಲು. ಹೋಗಿ ಬನ್ನಿ ಎಂದು ಅವರೇ ಅನ್ನುತ್ತಾರೆ. ನಾನು ಬಗ್ಗಲಿಲ್ಲ. ಅಪ್ಪ ಹೋದ ಮೇಲೆ ನೀನು ನನ್ನ ಮಾತು ದಾಟಿದವಳಲ್ಲ. ಮೂರು ಶನಿವಾರ ಖಾಲಿ ಲ್ಯಾಬಿನಲ್ಲಿ ಕುಳಿತು ಫೋಟೋ ಕಳಿಸಿದೆ: ಮೇಜು, ಗಾಜಿನ ತಟ್ಟೆಗಳು, ನೀನು. 'ಹುಷಾರಿಲ್ಲವಾ, ಮನೆಯಲ್ಲಿ ಬೈದರಾ ಅಂತ ಮೇಡಂ ಕೇಳಿದರು ಅಣ್ಣಾ' ಎಂದೂ ಬರೆದೆ. ಹೇಳಲು ನಾಚಿಕೆ, ಆ ಮೂರು ಶನಿವಾರ ಯಲ್ಲಾಪುರದ ಗುಂಡಿಗಳು ನನ್ನ ಸೊಂಟಕ್ಕೆ ಅಷ್ಟಾಗಿ ತಾಗಲಿಲ್ಲ. ಅಷ್ಟರಲ್ಲಿ ನಿನ್ನ ಹೊಸ ಪ್ರಶ್ನೆ: 'ಮುಂದಿನ ಶನಿವಾರ ಎಲ್ಲರೂ ಆಲ್ಪ್ಸ್‌ಗೆ ಹಿಮ ನೋಡಲು ಹೊರಟಿದ್ದಾರೆ. ಗುರುವಾರದೊಳಗೆ ಹೆಸರು ಕೊಡಬೇಕು. ಹೋಗಲಾ ಅಣ್ಣಾ?' ಹಿಮವಂತೆ! ನಾನು ಕಂಡ ಹಿಮವೆಲ್ಲ ಕೈಲಾಸದ ಸೀನಿಗೆ ಅಂಟಿಸಿದ ಹತ್ತಿ. 'ಬೇಡ' ಎಂದು ಟೈಪು ಮಾಡಿಟ್ಟೆ, ಕಳಿಸುವುದೊಂದು ಬಾಕಿ.

ಮೊನ್ನೆ ಭಾನುವಾರ ಸಿದ್ದಾಪುರದ ಬಸ್ ನಿಲ್ದಾಣದೆದುರು ಆಟೋ ನಿಲ್ಲಿಸಿದ್ದೆವು. ಆಷಾಢದ ರಿಯಾಯಿತಿ ಕೂಗಿ ಕೂಗಿ ಮೈಕು ತೊಡೆಯ ಮೇಲಿಟ್ಟುಕೊಂಡಿದ್ದೆ. 'ತಂಗಿ ಈ ವಾರ ಎಲ್ಲಿಗೆ ಹೋದ್ಲು ಅಣ್ಣಾ?' ಎಂದ ಯಾಸೀನ್. 'ಎಲ್ಲಿಗೂ ಇಲ್ಲೆ ಮಾರಾಯ, ನಾನೇ ಬೇಡ ಅಂದೆ. ಓದು ಗೀದು ಎಲ್ಲ ನೆಪ. ಅವಳು ದೇಶ ಸುತ್ತೋದು, ನಾನಿಲ್ಲಿ ಸೀರೆ ಸೀರೆ ಅಂತ ಬಾಯಿ ಬಡ್ಕೊಳ್ಳೋದು! ಹೊಟ್ಟೆ ಉರೀತದೆ ಕಣೋ!' ಈ ಕೊನೆಯ ಮಾತು ನಿಲ್ದಾಣದ ತಗಡಿಗೆ ಬಡಿದು ನನ್ನ ಕಿವಿಗೇ ವಾಪಸು ಬಂತು. ಮೈಕು ಬಂದ್ ಮಾಡಿರಲಿಲ್ಲ. ಹೊರಟಿದ್ದ ಬಸ್ಸು ನಿಂತಿತು. ಕಿಟಕಿಗೊಂದು ತಲೆ. ಹೂ ಮಾರುವ ಪಾರ್ವತವ್ವ ಬುಟ್ಟಿಯ ಪಕ್ಕದಿಂದಲೇ ಕೂಗಿದಳು: 'ಎಲಾ ಬೀರಾ, ನಿನ್ನ ಹೊಟ್ಟೆಕಿಚ್ಚಿಗೂ ಆಷಾಢದ ರಿಯಾಯಿತಿ ಉಂಟೇನಾ?' ಇಡೀ ನಿಲ್ದಾಣ ನಕ್ಕಿತು. ರಂಗದ ಮೇಲೆ ಮಾತು ಮರೆತಾಗಲೂ ನನಗೆ ಅಂಥ ಬೆವರು ಬಂದಿರಲಿಲ್ಲ. ನಗು ನಿಂತ ಮೇಲೆ ಅವಳು ಇನ್ನೊಂದು ಕೇಳಿದಳು, ಮೆಲ್ಲಗೆ: 'ಈ ಮಾತು ಆ ಹುಡುಗಿಗೆ ಹೇಳಿದ್ಯನಾ, ಇಲ್ಲಾ ನಮಗೆ ಮಾತ್ರವಾ?'

ಅದಕ್ಕೇ ಹೇಳುತ್ತಿದ್ದೇನೆ. ನಾನು ಕೊಟ್ಟದ್ದು ಬುದ್ಧಿಮಾತಲ್ಲ, ಉರಿ. ಅಪ್ಪನ ಗಂಟಲಿನಲ್ಲಿ ಕೊಟ್ಟೆ, ಅದು ಇನ್ನೂ ದೊಡ್ಡ ತಪ್ಪು. ಹೇಳಿದ ಮೇಲೆ ಉರಿ ಆರಿತೇ ಎಂದರೆ, ಇಲ್ಲ. ನೀನೂ ಯಲ್ಲಾಪುರದ ರಸ್ತೆಯಲ್ಲೇ ಇರಬೇಕಿತ್ತು ಎಂದು ಈ ಸಾಲು ಬರೆಯುವಾಗಲೂ ಅನ್ನಿಸುತ್ತಿದೆ. ಯಾಸೀನ್ ಬಂದು ನಿಂತಿದ್ದಾನೆ, ಹಾರ್ನ್ ಒತ್ತುತ್ತಿದ್ದಾನೆ.

ಹೋದ ಕೆಲಸ ಗೆಲ್ಲಲಿ, ಕಾಲಿಗೆ ಮುಳ್ಳು ತಾಗದಿರಲಿ. ಅವ್ವ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೊ.

ನಿನ್ನ ಅಣ್ಣ,
ಬೀರ

ತಾ.ಕ.: ಕಾಗದವೆಲ್ಲ ತುಂಬಿಸಿಯೂ ಕೇಳಿದ್ದಕ್ಕೆ ಉತ್ತರ ಬರೆದಿಲ್ಲ ಎನ್ನುತ್ತಾನೆ ಯಾಸೀನ್. ಹೋಗು. ನಾಳೆಯೇ ಹೆಸರು ಕೊಡು. ಮೇಡಂ ಮತ್ತೆ ಕೇಳಿದರೆ, ಹೌದು, ಬೈದಿದ್ದರು, ಅಣ್ಣನದೇ ತಪ್ಪು ಎಂದು ಹೇಳು. ಫೋಟೋ ಕಳಿಸು, ಅದರಲ್ಲಿ ನೀನು ಹಲ್ಲು ಕಾಣುವಂತೆ ನಗುತ್ತಿರಬೇಕು. ಹೊಟ್ಟೆ ಉರಿಸಿಕೊಳ್ಳುವುದು ನನ್ನ ಪಾಲಿನ ಕೆಲಸ, ಅದನ್ನು ನಾನು ನೋಡಿಕೊಳ್ಳುತ್ತೇನೆ.