ಮೈಮೇಲೆ ಗೀರೂ ಇಲ್ಲದ ಸಾವು

ಮಾನ್ಯರೇ,

ಶೆಲ್ ದಾಳಿಯಲ್ಲಿ ಸತ್ತವರ ಪಟ್ಟಿ ಇಟ್ಟುಕೊಂಡಿರುವ ತಮ್ಮ ಕಚೇರಿಯಿಂದ ನನಗೆ ಬಂದ ಉತ್ತರ ಒಂದೇ ವಾಕ್ಯದ್ದು. "ಮೃತರ ದೇಹದ ಮೇಲೆ ಯಾವುದೇ ಬಾಹ್ಯ ಗಾಯ ಕಂಡುಬಾರದ ಕಾರಣ ಸದರಿ ಮರಣವನ್ನು ಸ್ವಾಭಾವಿಕವೆಂದು ಪರಿಗಣಿಸಲಾಗಿದೆ." ಸದರಿ ಮರಣ ನನ್ನ ಅಕ್ಕನದು. ಬೆಳಗ್ಗೆ ಹತ್ತೂವರೆಗೆ ಅವಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಶೆಲ್ ಬಿತ್ತು. ಸಂಜೆ ಆರೂಕಾಲಿಗೆ ಅವಳು ತೀರಿಕೊಂಡಳು. ನಡುವಿನ ಏಳೂಮುಕ್ಕಾಲು ಗಂಟೆಯಲ್ಲಿ ಸ್ವಭಾವವೇ ಬಂದು ಅವಳ ಕೆಲಸ ಮುಗಿಸಿತೆಂಬುದು ತಮ್ಮ ತೀರ್ಮಾನ. ಐವತ್ತೊಂದು ವರ್ಷ ಸುಮ್ಮನಿದ್ದ ಸ್ವಭಾವಕ್ಕೆ ಅದೇ ದಿನ ಬಿಡುವಾಯಿತೆಂದು ಕಾಣುತ್ತದೆ.

ನಾನು ವೈದ್ಯೆಯಲ್ಲ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಅಕ್ಕ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದಳು. ಬೆರಳ ತುದಿಯಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ ಮಕ್ಕಳು ಅವಳನ್ನು ಅಂಟಮ್ಮ ಎನ್ನುತ್ತಿದ್ದರು. ಅವಳ ಕೋಣೆ ಹಿಂಭಾಗದಲ್ಲಿ. ದಪ್ಪ ಗೋಡೆ, ಕಿಟಕಿಯಿಲ್ಲ, ಅಂಗಳಕ್ಕೆ ತೆರೆಯುವ ಒಂದೇ ಬಾಗಿಲು. ಶೆಲ್ ಬಿದ್ದದ್ದು ಆ ಅಂಗಳದಲ್ಲಿ. ಓದುವ ಕೋಣೆಯ ಕಿಟಕಿ ಬಳಿ ಕುಳಿತಿದ್ದ ಗ್ರಂಥಪಾಲಕಿಯ ತೋಳಿಗೆ ಮೂವತ್ತೊಂದು ಗಾಜಿನ ಚೂರು ಹೊಕ್ಕಿತು. ಅವರು ಬದುಕಿದ್ದಾರೆ, ಗಾಯಾಳುಗಳ ಪಟ್ಟಿಯಲ್ಲೂ ಇದ್ದಾರೆ, ಇರಬೇಕಾದದ್ದೇ. ಅವರನ್ನು ಹೆಗಲಿಗೆ ಆನಿಸಿಕೊಂಡು ಆಸ್ಪತ್ರೆವರೆಗೆ ನಡೆಸಿಕೊಂಡು ಬಂದವಳು ಅಕ್ಕ.

ತಲೆತುಂಬ ಗಾರೆಯ ಪುಡಿ. ಮೈಮೇಲೆ ಒಂದು ಗೀರೂ ಇಲ್ಲ. ಬಾಗಿಲಲ್ಲೇ ನಿಂತು ಜೋರಾಗಿ ಕೇಳಿದಳು: "ಯಾಕೇ ಎಲ್ಲಾ ಪಿಸುಗುಡ್ತಿದೀರ? ಯಾರಾದ್ರೂ ಮಲಗಿದಾರಾ?" ಆಗ ಆಸ್ಪತ್ರೆಯ ಕಾರಿಡಾರಿನಲ್ಲಿ ಜನ ಕಿರುಚುತ್ತಿದ್ದರು. ನನಗೆ ನಗು ಬಂತು. ಅವಳ ಎರಡೂ ಕಿವಿಯ ತಮಟೆ ಹರಿದಿದೆಯೆಂದು ನನಗೆ ಹೊಳೆಯಲಿಲ್ಲ. ತೋಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಿಂಗೇನೂ ಆಗಿಲ್ಲ, ಇಲ್ಲೇ ಕೂತಿರು" ಎಂದೆ. ಕೇಳಿಸಲಿಲ್ಲವೆಂದು ಚೀಟಿಯಲ್ಲಿ ಬರೆದು ಕೊಟ್ಟೆ. ಓದಿ, ತಲೆಯಾಡಿಸಿ, ಬೆಂಚಿನ ಮೇಲೆ ಕುಳಿತಳು.

ಆಮೇಲೆ ನಾನು ನಲವತ್ತಮೂರು ಚಿತ್ರ ತೆಗೆದೆ. ಮೊಳೆ, ಗುಂಡಿ, ಬೀಗದ ಚೂರು. ಒಬ್ಬರ ತೊಡೆಯೊಳಗೆ ಇನ್ನೊಬ್ಬರ ಹಲ್ಲು. ನೋಡುವುದು, ಸಂಖ್ಯೆ ಬರೆಯುವುದು, ಮುಂದಿನವರನ್ನು ಕರೆಯುವುದು. ಎರಡು ಗಂಟೆಯ ಹೊತ್ತಿಗೆ ಅಕ್ಕ ಗೋಡೆ ಹಿಡಿದುಕೊಂಡು ಬಂದಳು.

"ಕೂತಲ್ಲೇ ಮಹಡಿ ಹತ್ತಿದ ಹಾಗೆ ಆಗ್ತಿದೆ ಕಣೇ."

ಕೆಮ್ಮಿದಳು. ಅಂಗೈಯಲ್ಲಿ ನಸುಗೆಂಪು ನೊರೆ. ಅವಳನ್ನು ಯಂತ್ರದ ಮುಂದೆ ನಿಲ್ಲಿಸಿದೆ. ಉಸಿರು ಹಿಡಿದುಕೋ ಎಂದದ್ದು ಕೇಳಿಸದಿದ್ದಾಗ ನಾನೇ ಎದೆಯುಬ್ಬಿಸಿ ತೋರಿಸಿದೆ. ಅವಳಿಂದ ಆಗಲಿಲ್ಲ. ನಮ್ಮ ಚಿತ್ರಗಳಲ್ಲಿ ಶ್ವಾಸಕೋಶ ಕಪ್ಪಗೆ ಕಾಣಬೇಕು. ಒಳಗೆ ಗಾಳಿಯಿದೆ ಎಂದರ್ಥ. ಅಕ್ಕನದು ನಡುವಿನಿಂದ ಎರಡೂ ಕಡೆಗೆ ಬೆಳ್ಳಗಾಗಿತ್ತು.

ಶಸ್ತ್ರಚಿಕಿತ್ಸಕರು ಚಿತ್ರವನ್ನು ಬೆಳಕಿಗೆ ಹಿಡಿದರು.

"ಕೋಣೆ ಒಳಗಿದ್ರಾ ಇವರು?"

"ಹೌದು ಸಾರ್. ಆದ್ರೆ ಏನೂ ತಾಗಿಲ್ಲ."

"ಗಾಳಿ ತಾಗಿದೆಯಮ್ಮ. ಸಿಡಿದಾಗ ಗಾಳಿಯೇ ಗೋಡೆ ಥರಾ ಬಂದು ಬಡಿಯುತ್ತೆ. ಕೋಣೆಯಲ್ಲಾದ್ರೆ ಎದುರು ಗೋಡೆಗೆ ಹೊಡೆದು ವಾಪಸ್ ಬಂದು ಮತ್ತೆ ಬಡಿಯುತ್ತೆ. ಮೈಯೊಳಗೆ ಗಾಳಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಪೊರೆ ಹರಿಯುತ್ತೆ. ಕಿವಿ, ಶ್ವಾಸಕೋಶ, ಕರುಳು. ಇವರನ್ನ ಯಾಕೆ ಇಷ್ಟು ಹೊತ್ತು ಕೂರಿಸಿದ್ರಿ?"

ಉಸಿರಾಟದ ಯಂತ್ರ ಸಿಕ್ಕಿದ್ದು ನಾಲ್ಕಕ್ಕೆ. ಅವಳು ಹೋದಾಗ ನಾನು ಅಳಲಿಲ್ಲ. ನನ್ನ ಕೋಣೆಗೆ ಹಿಂದಿರುಗಿ ಅವಳ ಚಿತ್ರಕ್ಕೆ ನಲವತ್ನಾಲ್ಕು ಎಂದು ಸಂಖ್ಯೆ ಹಾಕಿದೆ. ಈವರೆಗೂ ಅತ್ತಿಲ್ಲ. ಅದಕ್ಕೂ ತಮ್ಮಲ್ಲಿ ಫಾರಂ ಇದ್ದರೆ ತಿಳಿಸಿ.

ಫಾರಂ ಎಂದಾಗ ನೆನಪಾಯಿತು. ತಮ್ಮ ಕಚೇರಿಯ ಗುಮಾಸ್ತರು ಸಜ್ಜನರು, ನನಗೆ ಕುರ್ಚಿ ಕೊಟ್ಟರು. ಸತ್ತವರಿಗೂ ಆಸ್ಪತ್ರೆಗೆ ಬರುವ ಗಾಯಾಳುಗಳಿಗೂ ಬಳಸುವ ಅವರ ಫಾರಂನಲ್ಲಿ ಮನುಷ್ಯನ ಎರಡು ರೇಖಾಚಿತ್ರ, ಮುಂದಿನದೊಂದು, ಬೆನ್ನಿನದೊಂದು. ಗಾಯವಾದಲ್ಲಿ ಗುರುತು ಹಾಕಬೇಕು.

"ಎಲ್ಲಿ ಗುರುತು ಹಾಕ್ಲಿ ಮೇಡಂ?"

"ಒಳಗೆ."

"ಒಳಗಿನ ಚಿತ್ರ ನಮ್ಮಲ್ಲಿ ಇಲ್ವಲ್ಲ ಮೇಡಂ."

ನನ್ನ ಕೈಯಲ್ಲಿದ್ದದ್ದೇ ಒಳಗಿನ ಚಿತ್ರ. ಅವರು ಅದನ್ನು ತೆಗೆದುಕೊಂಡು, ನಯವಾಗಿ ಮಡಚಲು ನೋಡಿದರು.

ಮಾನ್ಯರೇ, ರಕ್ತ ಹೊರಗೆ ಬಂದರಷ್ಟೇ ಗಾಯವೇ? ಶೆಲ್ ತಯಾರಿಸುವವರಿಗೆ ಗಾಳಿ ಏನು ಮಾಡುತ್ತದೆಂಬುದು ಚೆನ್ನಾಗಿ ಗೊತ್ತು. ಎಷ್ಟು ಮದ್ದು ತುಂಬಿದರೆ ಎಷ್ಟು ದೂರದ ಎದೆ ಹರಿಯುತ್ತದೆಂದು ಅಳೆದೇ ತುಂಬಿರುತ್ತಾರೆ. ಗೊತ್ತಿಲ್ಲದಿರುವುದು ತಮ್ಮ ಫಾರಂಗೆ ಮಾತ್ರ. ತಪ್ಪು ಮಾಡಿದ್ದು ತಾವೊಬ್ಬರೇ ಎನ್ನುವುದಿಲ್ಲ. ತಾವು ಬರೆದದ್ದನ್ನು ತಮಗಿಂತ ಮೊದಲು ನಾನೇ ನನ್ನ ಕೈಯಾರೆ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ನನ್ನ ತಪ್ಪು ಮೂರು ಗಂಟೆ ಬಾಳಿತು. ಚಿತ್ರ ನೋಡಿದ ಕೂಡಲೇ ಸತ್ತಿತು. ತಮ್ಮದಕ್ಕೆ ಹದಿನಾಲ್ಕು ತಿಂಗಳಾಯಿತು. ಚಿತ್ರದ ಪ್ರತಿಯನ್ನು ಮೂರು ಸಲ ಕಳಿಸಿದ್ದೇನೆ.

ಅದೇ ವಾರ "ಏನೂ ಆಗಿಲ್ಲ" ಎನಿಸಿಕೊಂಡು ಮನೆಗೆ ಹೋಗಿ ತೀರಿಕೊಂಡವರು ಇನ್ನೂ ನಾಲ್ವರು. ಅವರ ಮನೆಯವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರ ಹತ್ತಿರ ಚಿತ್ರವೂ ಇಲ್ಲ. ಶೆಲ್ ಬೀಳುವುದು ಇನ್ನೂ ನಿಂತಿಲ್ಲ. ಗೀರಿಲ್ಲದವರನ್ನು ತಮ್ಮ ಫಾರಂ ನೋಡಿಯೇ ಮನೆಗೆ ಕಳಿಸಲಾಗುತ್ತಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಕಡತದಲ್ಲಿ ಅಕ್ಕನ ಹೆಸರಿನ ಮುಂದಿನ "ಸ್ವಾಭಾವಿಕ" ಎಂಬ ಪದ ಹೊಡೆದುಹಾಕಿ "ಶೆಲ್ ಸ್ಫೋಟದಿಂದ" ಎಂದು ಬರೆಯಿರಿ. ಆ ನಾಲ್ವರ ಕಡತಗಳನ್ನು ಮತ್ತೆ ತೆರೆಯಿರಿ. ಫಾರಂನಲ್ಲಿ ಎರಡು ಪ್ರಶ್ನೆ ಸೇರಿಸಿ: ಎಲ್ಲಿದ್ದಿರಿ, ಕಿವಿ ಕೇಳಿಸುತ್ತಿದೆಯೇ? ಕೇಳಿಸದವರನ್ನು ಮನೆಗೆ ಕಳಿಸಬೇಡಿ.

ಇಂತಿ,
ತಮ್ಮ ಪಟ್ಟಿಯಲ್ಲಿ ಇಲ್ಲದವಳ ತಂಗಿ