ಭಾಲ್ಕಿಗೆ ಕಾಣದ ಕುರಿಮರಿ

ಗಾಂಧಿ ಗಂಜ, ಬೀದರ
12-11-2025, ಬುಧವಾರ

ಸಿಟ್ಟಿನಲ್ಲಿರುವ ಶಶಿಕಲಾಗೆ,

ನಿನ್ನ ಗಂಡ ವೀರಭದ್ರನ ನೆನಪುಗಳು. ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಅದಕ್ಕೇ ಇದನ್ನು ಭಾಲ್ಕಿ ಬಸ್ಸಿನ ಕಂಡಕ್ಟರ್ ಖಾಸಿಂ ಅಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಲ ಓದು.

ನೀನು ಅಂದುಕೊಂಡಂತೆ ಕುರಿಮರಿಯನ್ನು ನಾನು ಮಾರಿಲ್ಲ, ಬಸವಣ್ಣನ ಆಣೆ. "ಕುರಿ ಕಾಯೋ ಮಂದಿ ಮನಿ ಅಲ್ಲ ಇದು" ಎಂದು ಅವ್ವ ಅಂದ ದಿನ ನೀನು ಭಾಲ್ಕಿಯ ನಿನ್ನ ಅಕ್ಕನ ಮನೆಗೆ ಹೊರಟೆ. ಹೋಗುವಾಗ ಕೇಳಿದ್ದು ಒಂದೇ, ನೀನು ಬಾಟಲಿ ಹಾಲು ಕುಡಿಸಿ ಬದುಕಿಸಿದ ಮರಿ ಭಾಲ್ಕಿಯಿಂದಲೇ ಮೊಬೈಲಿನಲ್ಲಿ ಕಾಣಬೇಕು. ಪಡಸಾಲೆಯಲ್ಲಿ ಕ್ಯಾಮೆರಾ ಕೂಡಿಸಿದೆ. ನಿನಗೆ ಕಾಣಲಿಲ್ಲ. ಫೋಟೋ ಕಳಿಸಿದರೆ ಹಳೆಯದು ಎಂದೆ. ಈಗ ನಿನ್ನ ತಮ್ಮ ಶಿವಕಾಂತ ಬಂದಿದ್ದ. "ಐತವಾರದತನಾ ಮರಿ ಕಾಣಲಿಲ್ಲಂದ್ರ ಅಕ್ಕಗ ನಮ್ಮ ಮನಿಗಿ ಔರಾದಕ್ಕ ಕರ್ಕೊಂಡು ಹೋಗ್ತೇನಿ ಮಾಮಾ, ಮತ್ತ ಮೈಲೂರಿಗಿ ನಿಮ್ಮ ಮನಿಗಿ ಕಳಸಂಗಿಲ್ರಿ" ಎಂದು ಹೇಳಿ ಚಹಾ ಕೂಡ ಕುಡಿಯದೆ ಹೋದ.

ಶಶಿ, ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾನು ನೋಡಿದರೆ ಮರಿ ಚೆನ್ನಾಗಿ ಕಾಣುತ್ತದೆ, ನೀನು ನೋಡಿದರೆ ಕತ್ತಲೆ. ನಿನ್ನ ಮೊಬೈಲ್ ಕೆಟ್ಟಿದೆ ಎಂದುಕೊಂಡೆ. ಬೇಕೆಂದೇ ಸುಳ್ಳು ಹೇಳುತ್ತೀಯ ಎಂದೂ ಅನಿಸಿತು, ಬೈಯಬೇಡ. ಮೊನ್ನೆ ಇಲ್ಲೇ ಗಂಜಿನ ಮಾರುಕಟ್ಟೆಯಲ್ಲಿ, ಸೋಯಾ ಚೀಲಗಳ ನಡುವೆ ನಿಂತು ಮೊಬೈಲ್ ತೆಗೆದರೆ ನನಗೂ ಕತ್ತಲೆ! ಮನೆಯೊಳಗೆ ಮನೆಯ ವೈಫೈಯಿಂದಲೇ ನೋಡಿ ಎಲ್ಲ ಸರಿ ಇದೆ ಎಂದುಕೊಂಡಿದ್ದೆನಲ್ಲ. ಹೊರಗಿನವರಿಗೆ ಬಾಗಿಲು ಹಾಕಿದ್ದು ಪಡಸಾಲೆಯಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು?

ಹೊರಗಿನಿಂದ ಬಂದವರನ್ನು ಕ್ಯಾಮೆರಾದ ಹತ್ತಿರ ಕಳಿಸು ಎಂದು ರೂಟರ್‌ಗೆ ಹೇಳಿಡಬೇಕು, ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಮನೆಯ ಮೊಬೈಲು, ಟಿವಿ, ಕ್ಯಾಮೆರಾಗಳಿಗೆಲ್ಲ ರೂಟರ್ ಒಂದೊಂದು ನಂಬರ್ ಕೊಡುತ್ತದೆ; ಕ್ಯಾಮೆರಾದ ನಂಬರಿಗೆ ಕಳಿಸು ಎಂದು ಮೊದಲೇ ಬರೆದಿಟ್ಟಿದ್ದೆ. ನೆಟ್‌ನವರಿಗೆ ಫೋನ್ ಮಾಡಿದರೆ "ಬಂದ್ ಮಾಡಿ ಚಾಲೂ ಮಾಡ್ರಿ" ಅಂದರು. ಮಾಡಿದೆ, ಕತ್ತಲೆ. ಸೆಟ್ಟಿಂಗ್ ತೆರೆದರೆ, ಕ್ಯಾಮೆರಾದ್ದೆಂದು ನಾನು ಬರೆದಿಟ್ಟ ನಂಬರಿನಲ್ಲಿ ಅವ್ವನ ಮೊಬೈಲ್ ಕೂತಿತ್ತು! ತಿದ್ದಿದೆ. ಮರುದಿನ ಅಲ್ಲಿ ಟಿವಿ ಕೂತಿತ್ತು. ಪೆಟ್ಟಿಗೆಗೆ ದೆವ್ವ ಬಡಿದಿದೆ ಎಂದೇ ನಂಬಿದ್ದೆ.

ದಾಸೋಹದ ಊಟದ ಪಂಗತಿ ನೆನೆಸಿಕೋ. ಎಲ್ಲರನ್ನೂ ಎಬ್ಬಿಸಿ ಮತ್ತೆ ಕೂಡಿಸಿದರೆ ಮೊದಲಿನ ಜಾಗ ಸಿಗುವುದಿಲ್ಲ. ರೂಟರ್ ಆರಿ ಹತ್ತಿದಾಗಲೂ ಹಾಗೇ, ಮೊದಲು ಬಂದವರಿಗೆ ಮೊದಲ ನಂಬರ್. ಆದರೆ ಮೈಲೂರಿನಲ್ಲಿ ಈಗ ಕರೆಂಟ್ ಹೋಗುವುದಿಲ್ಲ. ಮತ್ತೆ ದಿನಾ ಎಬ್ಬಿಸುವವರು ಯಾರು?

ನಾನು ಗಂಜಿಗೆ ಹೊರಟ ಮೇಲೆ ಪಡಸಾಲೆಯಲ್ಲಿ ಅವ್ವನ ಪೂಜೆ. ಇವತ್ತು ನಾನು ಹೊರಡುವುದು ತಡವಾಯಿತು. ಇಷ್ಟಲಿಂಗ ಕೈಗೆ ತೆಗೆದುಕೊಳ್ಳುವ ಮೊದಲು ಅವಳು ಹೋಗಿ ರೂಟರಿನ ಪ್ಲಗ್ ಕಿತ್ತಳು! ಯಾಕೆಂದು ಕೇಳಿದರೆ, "ಲಿಂಗಪೂಜಿ ಯಾರಿಗೂ ಕಾಣಬಾರದಪ್ಪಾ. ಶಶಿ ಅಲ್ಲಿಂದ ನೋಡ್ಲಿಕತ್ತಿರ್ತಾಳಲ್ಲಾ. ಆಮ್ಯಾಲ ಮತ್ತ ಹಚ್ತೇನಿ" ಎಂದಳು. ಪೂಜೆ ಮುಗಿದು ಅವಳು ಪ್ಲಗ್ ಹಚ್ಚಿದ ಮೇಲೆ ಸೆಟ್ಟಿಂಗ್ ತೆರೆದು ಕೂತೆ.

ಕ್ಯಾಮೆರಾಕ್ಕೆ ಈಗ ಒಂದು ನಂಬರ್ ಕಾಯಂ ಮಾಡಿದ್ದೇನೆ. ಅವ್ವ ಎಷ್ಟು ಸಲ ಪ್ಲಗ್ ಕಿತ್ತರೂ ಆ ಜಾಗ ಅದರದೇ. ನೀನು ನೋಡು. ಮರಿ ಕಂಡರೆ ಔರಾದಿಗೆ ಶಿವಕಾಂತನೊಬ್ಬನನ್ನೇ ಕಳಿಸು. ಮರಿಯ ಹಿಂದೆ ನಾನೂ ಓಡಾಡುತ್ತಿರುತ್ತೇನೆ, ಮನಸ್ಸಿದ್ದರೆ ನನ್ನ ಕಡೆಯೂ ನೋಡು. ನೀನಿಲ್ಲದ ಮನೆಗೆ ಹೋಗಲು ಬೇಜಾರಾಗುತ್ತದೆ.

ನಿನ್ನವನೇ,
ವೀರಭದ್ರ

ತಾ.ಕ.: ಖಾಸಿಂ ಅಲಿಗೆ ಕೊಡುವ ಮೊದಲು ಇನ್ನೊಮ್ಮೆ ನೋಡೋಣವೆಂದು ಗಂಜಿನಿಂದಲೇ ಕ್ಯಾಮೆರಾ ತೆರೆದೆ. ಬಂತು ಶಶಿ! ಮರಿ ಅವ್ವನ ತೊಡೆಯ ಮೇಲಿತ್ತು. ಅವ್ವ ಕ್ಯಾಮೆರಾದ ಕಡೆ ಮುಖ ಎತ್ತಿ ಮಾತಾಡುತ್ತಿದ್ದಳು. "ಶಶೀ, ನಿನ್ನ ಮರಿ ಹೊಟ್ಟಿ ತುಂಬ ತಿಂದದ ನೋಡು. ನಾ ಅಂದಿದ್ದು ತಪ್ಪಾಯ್ತವ್ವಾ. ದಿನಾ ಇದಕ್ಕ ತಿನಸಿ, ಇಲ್ಲೇ ಕೂತು ಹೇಳ್ಲಿಕತ್ತೀನಿ. ಇನ್ನಾ ಸಿಟ್ಟು ಹೋಗಿಲ್ಲೇನು?" ಒಂದು ದಿನವೂ ನಿನಗೆ ಕೇಳಿಸಿಲ್ಲ ಎಂದು ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ನೀನೇ ಬಂದು ಹೇಳು.