ತಗಡಿನ ಚರ್ಚು ಬಿಚ್ಚುವ ಮೊದಲು

ಅಣೆಕಟ್ಟಿನ ಬಿಡಾರ, ಡರ್ಬಿಷೈರ್
ಅಕ್ಟೋಬರ್ 1911

ಪೂಜ್ಯ ಪಾದ್ರಿ ಪೆಲ್ ಅವರಿಗೆ,

ಅಣೆಕಟ್ಟು ಮುಗಿಯಿತಲ್ಲ, ಸೋಮವಾರ ನಮ್ಮ ತಗಡಿನ ಚರ್ಚನ್ನು ಬಿಚ್ಚಿ ರೈಲಿಗೆ ಹಾಕುತ್ತಾರಂತೆ. ಅದಕ್ಕೆ ಮೊದಲು ಒಂದು ಕೆಲಸವಾಗಬೇಕು.

ತಗಡಿನ ಮೇಲೆ ಮಳೆ ಜೋರಾದರೆ ಮಾತು ಕೇಳಿಸದೆಂದು ನೀವು ಓದು ನಿಲ್ಲಿಸಿ ಕಾಯುತ್ತಿದ್ದಿರಿ. ನನ್ನ ಗಂಡ ವಿಲ್ಫ್ರೆಡ್‌ನ ಶವಪ್ರಾರ್ಥನೆಯ ದಿನ ಮಾತ್ರ ಕಾಯಲಿಲ್ಲ. ಶವಪೆಟ್ಟಿಗೆ ಹೊತ್ತು ತಂದವರು ಪಾಳಿಗೆ ಹೋಗಬೇಕಿತ್ತು. ನಿಮ್ಮ ತುಟಿ ಅಲುಗಿದ್ದು ಕಂಡಿತು, ಅಷ್ಟೇ.

"ದೇವ್ರಿಗೆ ಕೇಳ್ಸಿರತ್ತೆ ಬಿಡೇ," ಅಂದಳು ಪಕ್ಕದ ಮನೆಯ ಎಡಿತ್.

"ದೇವ್ರು ಅವನ ಹೆಂಡ್ತಿ ಅಲ್ವಲ್ಲ," ಅಂದೆ.

ಭಾನುವಾರ ಮಳೆಯಿಲ್ಲದಿದ್ದರೆ, ಎಲ್ಲರೂ ಹೋದ ಮೇಲೆ, ಆ ಪ್ರಾರ್ಥನೆಯನ್ನು ಇನ್ನೊಮ್ಮೆ ಓದಿ. ಪೂರ್ತಿ ಬೇಡ, ಅವನ ಹೆಸರು ಬರುವಷ್ಟು ಸಾಕು. ಬೆಂಚುಗಳನ್ನು ಆಗಲೇ ಒಯ್ದಿದ್ದರೂ ಚಿಂತೆಯಿಲ್ಲ, ನಿಂತು ಕೇಳುತ್ತೇನೆ.

ಇಂತಿ,
ಆಗ್ನೆಸ್ ಥ್ರಾಪ್